ಸಣ್ಣ ಗ್ಯಾರೇಜಿಗೆ ದೊಡ್ಡ ಬೈಕು

ಗ್ಯಾರೇಜಿನಲ್ಲಿ ಬೈಕು ಹಿಡಿಸುತ್ತದೆಯೇ ಎಂಬ ಲೆಕ್ಕವನ್ನು ಹೆಚ್ಚಿನವರು ಬೈಕಿನ ಉದ್ದಗಲದಿಂದ ಶುರುಮಾಡುತ್ತಾರೆ. ಲೆಕ್ಕ ಕೈಕೊಡುವುದೂ ಅಲ್ಲೇ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಉದ್ದ 2,145 ಮಿಲಿಮೀಟರ್, ಅಗಲ 785 ಮಿಲಿಮೀಟರ್. ಗಾರೆಯವರ ಅಳತೆಯಲ್ಲಿ ಹೇಳುವುದಾದರೆ ಏಳಡಿ ಉದ್ದ, ಎರಡೂವರೆ ಅಡಿಗಿಂತ ತುಸು ಹೆಚ್ಚು ಅಗಲ. ನೆಲದ ಲೆಕ್ಕದಲ್ಲಿ ಇದು 1.7 ಚದರ ಮೀಟರಿಗೂ ಕಡಿಮೆ. ಹತ್ತು ಚದರ ಮೀಟರಿನ ಗ್ಯಾರೇಜಿನಲ್ಲಿ ಇಂಥ ಐದಾರು ಬೈಕು ನಿಲ್ಲಬೇಕು. ನಿಲ್ಲುವುದಿಲ್ಲ. ಜಾಗ ಬೇಕಾಗುವುದು ನಿಂತ ಬೈಕಿಗಿಂತ ಹೆಚ್ಚಾಗಿ ಅದನ್ನು ತಳ್ಳುವ ಮನುಷ್ಯನಿಗೆ, ಮತ್ತು ಗೇಟಿನಿಂದ ಗೋಡೆಯವರೆಗೆ ಅದರ ಎರಡು ಚಕ್ರಗಳು ಸಾಗುವ ದಾರಿಗೆ. ಒಳಗೆ ಬೇಕಾದಷ್ಟು ಜಾಗವಿದ್ದೂ ಬಾಗಿಲ ತಿರುವಿನಲ್ಲೇ ಬೈಕು ಸಿಕ್ಕಿಕೊಳ್ಳುವ ಗ್ಯಾರೇಜುಗಳು ಮುಂಬಯಿಯಲ್ಲಿ ಬೇಕಾದಷ್ಟಿವೆ.

ಅಲ್ಲಿನ ಸಾಂತಾಕ್ರೂಜ್ ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮದಲ್ಲಿ ಎಸ್.ವಿ. ರೋಡ್ ಮತ್ತು ಲಿಂಕಿಂಗ್ ರೋಡ್‌ಗಳ ನಡುವಿನ ಗಲ್ಲಿಗಳಲ್ಲಿ, ಸಾರಸ್ವತ ಕಾಲೋನಿಯ ಆಸುಪಾಸಿನಲ್ಲಿ, ಮೂರು ನಾಲ್ಕು ಮಾಳಿಗೆಯ ಹಳೆಯ ಕಟ್ಟಡಗಳು ಇನ್ನೂ ಉಳಿದಿವೆ. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ಇಲ್ಲಿ ಕಟ್ಟಡದ ಎತ್ತರಕ್ಕೆ ಮಿತಿಯಿದೆ. ಹಳೆಯದನ್ನು ಕೆಡವಿ ಗೋಪುರ ಎಬ್ಬಿಸುವ ಆಮಿಷ ಬೇರೆಡೆಯಷ್ಟು ಸಲೀಸಾಗಿ ಫಲಿಸುವುದಿಲ್ಲ. ಇಂಥ ಕಟ್ಟಡಗಳ ಹಿಂಬದಿಯಲ್ಲೋ ಕಾಂಪೌಂಡಿನ ಮೂಲೆಯಲ್ಲೋ ಶಟರ್ ಹಾಕಿದ ಒಂದೆರಡು ಗ್ಯಾರೇಜುಗಳಿರುತ್ತವೆ. ಕಟ್ಟಿದ ಕಾಲಕ್ಕೆ ಅವು ಕಾರಿನ ಮನೆಗಳು. ಆಗಿನ ಕಾರೆಂದರೆ ಪಕ್ಕದ ಕುರ್ಲಾದಲ್ಲೇ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ ಫಿಯಟ್, ಮುಂದೆ ಪದ್ಮಿನಿ ಎಂದು ಹೆಸರಾದದ್ದು. ಅದರ ಅಗಲ ಒಂದೂವರೆ ಮೀಟರಿಗೂ ಕಡಿಮೆ, ಉದ್ದ ನಾಲ್ಕು ಮೀಟರಿನೊಳಗೆ. ಇಂದಿನ ಹ್ಯುಂಡೈ ಕ್ರೆಟಾದ ಅಗಲ 1.79 ಮೀಟರ್. ಫಿಯಟ್ಟಿನ ಅಳತೆಗೆ ಹೊಲಿದ ಗೂಡಿಗೆ ಅದನ್ನು ನುಗ್ಗಿಸಿದರೂ ಬಾಗಿಲು ತೆರೆದು ಕೆಳಗಿಳಿಯಲು ಆಗುವುದಿಲ್ಲ. ಹಾಗಾಗಿ ಕಾರು ರಸ್ತೆಗೆ ಬಂತು, ಗ್ಯಾರೇಜು ಅಟ್ಟದ ಸಾಮಾನಿಗೆ, ಹಳೆಯ ಫ್ರಿಜ್ಜಿಗೆ, ಬೈಕಿಗೆ ಬಿಟ್ಟುಹೋಯಿತು.

ಪೂರ್ವದಲ್ಲಿ ಚಿತ್ರ ಬೇರೆ. ವಾಕೋಲಾ, ಗೋಲಿಬಾರ್, ಕಲೀನಾದ ಹಳೆಯ ವಸತಿಗಳಲ್ಲಿ ಗ್ಯಾರೇಜು ಎನ್ನುವಂಥದ್ದೇ ಅಪರೂಪ. ಮೆಟ್ಟಿಲ ಕೆಳಗಿನ ಸಂದು, ಎರಡು ಚಾಳ್‌ಗಳ ನಡುವಿನ ಓಣಿ, ಅಂಗಡಿ ಮುಚ್ಚಿದ ಮೇಲೆ ಖಾಲಿಯಾಗುವ ಗಾಳಾ ಎಂಬ ಮಳಿಗೆ, ಇವೇ ಬೈಕಿನ ನೆಲೆ. ಮರುನಿರ್ಮಾಣವಾದ ಕಟ್ಟಡಗಳಲ್ಲಿ ಕಂಬಗಳ ಮೇಲೆ ಎತ್ತಿದ ಸ್ಟಿಲ್ಟ್ ಪಾರ್ಕಿಂಗ್ ಇರುತ್ತದೆ. ಅಲ್ಲಿ ಕಂಬ ಕಂಬಗಳ ನಡುವೆ ಕಾರಿಗೆ ಗೆರೆ ಎಳೆದು ಉಳಿದ ಮೂಲೆಗಳನ್ನು ದ್ವಿಚಕ್ರಕ್ಕೆ ಬಿಟ್ಟಿರುತ್ತಾರೆ. ಮುಂಬಯಿಯ ಅಭಿವೃದ್ಧಿ ನಿಯಮಗಳಲ್ಲಿ ದೊಡ್ಡ ಕಾರಿನ ಜಾಗ 2.5 ಮೀಟರ್‌ಗೆ 5.5 ಮೀಟರ್, ಸಣ್ಣದಕ್ಕೆ 2.3 ಮೀಟರ್‌ಗೆ 4.5 ಮೀಟರ್ ಎಂದು ಗೊತ್ತುಮಾಡಲಾಗಿದೆ. ದ್ವಿಚಕ್ರದ ವಿಷಯದಲ್ಲಿ ಕಟ್ಟಡದ ಲೆಕ್ಕ ಬರೆಯುವವರ ಕಣ್ಣ ಮುಂದೆ ಇದ್ದದ್ದು ಯಾವಾಗಲೂ ಸ್ಕೂಟರು. 2005ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ಕೂಟರಿಗೆ ಕನಿಷ್ಠ 1.25 ಚದರ ಮೀಟರ್ ಎಂದಿತು. 1,833 ಮಿಲಿಮೀಟರ್ ಉದ್ದ, 697 ಮಿಲಿಮೀಟರ್ ಅಗಲದ ಹೋಂಡಾ ಆಕ್ಟಿವಾಕ್ಕೆ ಅದು ಕೂದಲೆಳೆಯಷ್ಟು ಸಾಲದು. ಕ್ಲಾಸಿಕ್ 350ಕ್ಕೆ ಬೇಕಾದದ್ದರ ಕಾಲು ಪಾಲಿಗಿಂತ ಹೆಚ್ಚು ಕೊರತೆ.

ಯಾವುದು ಗ್ಯಾರೇಜು, ಯಾವುದು ಬರೀ ಪಾರ್ಕಿಂಗ್ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ ಪ್ರಕಾರ ಮೇಲೆ ಛಾವಣಿ, ಮೂರು ಕಡೆ ಗೋಡೆ ಇದ್ದರೆ ಅದು ಗ್ಯಾರೇಜು. ತೆರೆದ ಜಾಗ ಆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಮೊದಲು, 2010ರ ಆಗಸ್ಟ್ 31ರಂದು, ದಹಿಸರ್‌ನ ಪಾಂಚಾಲಿ ಹೌಸಿಂಗ್ ಸೊಸಾಯಿಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜಲ್ಲ, ಬಿಲ್ಡರ್ ಅದನ್ನು ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳಂತೆ, ಕಾಂಪೌಂಡಿನೊಳಗೆ ಸ್ಕೂಟರು, ಬೈಕು ನಿಲ್ಲಿಸಲು ಸದಸ್ಯ ಸಮಿತಿಯ ಅನುಮತಿ ಪಡೆಯಬೇಕು, ಮಹಾಸಭೆ ನಿಗದಿ ಮಾಡಿದ ಶುಲ್ಕ ಕಟ್ಟಬೇಕು. ವಾಹನಗಳಿಗಿಂತ ಜಾಗ ಕಡಿಮೆಯಾದರೆ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ಮೂಲೆ ಮುಂದಿನ ವರ್ಷ ಇನ್ನೊಬ್ಬರದಾಗಬಹುದು. ಅಂಥ ಮೂಲೆಗೆ ಖರ್ಚುಮಾಡಿ ಇಳಿಜಾರು ಕಟ್ಟಿಸುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು. ಹೊಸ ಕಟ್ಟಡ ಕೊಳ್ಳುವವರಿಗೆ ಮಾತ್ರ ಒಂದು ಅನುಕೂಲ ದೊರೆತಿದೆ: ಪಾರ್ಕಿಂಗಿನ ಉದ್ದ, ಅಗಲ, ಎತ್ತರ, ಸ್ಥಳ ಎಲ್ಲವನ್ನೂ ಮಾರಾಟದ ಕರಾರಿನಲ್ಲಿ ನಮೂದಿಸಬೇಕೆಂದು ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾ 2024ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಕಂಬಕ್ಕೂ ಕಾರಿಗೂ ನಡುವೆ ಬೈಕು ತೂರಿಸಬೇಕಾದವರು ಆ ಅಂಕಿಗಳನ್ನು ಸಹಿಗೆ ಮುಂಚೆಯೇ ಓದಿಕೊಳ್ಳಬೇಕು.

ಇನ್ನು ಬೈಕಿನ ಅಳತೆ. ದೊಡ್ಡ ಬೈಕು ಎನ್ನುವ ಮಾತು ಒಂದೇ ಆದರೂ ಅದರೊಳಗೆ ಬೇರೆ ಬೇರೆ ಜಾತಿಗಳಿವೆ. ಸೂಪರ್ ಮೀಟಿಯೋರ್ 650 ಉದ್ದದ ಬೈಕು: 2,260 ಮಿಲಿಮೀಟರ್, ತೂಕ 241 ಕಿಲೋ, ಆದರೆ ಸೀಟು ನೆಲದಿಂದ ಕೇವಲ 740 ಮಿಲಿಮೀಟರ್ ಎತ್ತರ. ಹಿಮಾಲಯನ್ 450 ಎತ್ತರದ ಬೈಕು: ತೂಕ 196 ಕಿಲೋ, ಸೀಟಿನ ಎತ್ತರ 825 ಮಿಲಿಮೀಟರ್. ಬಿಎಂಡಬ್ಲ್ಯೂದ ಆರ್ 1250 ಜಿಎಸ್ ಅಗಲದ ಬೈಕು. ಎಂಜಿನ್ನಿನ ಸಿಲಿಂಡರ್‌ಗಳೇ ಎರಡು ಬದಿಗೂ ಚಾಚಿಕೊಂಡಿರುತ್ತವೆ, ಕನ್ನಡಿಗಳೂ ಸೇರಿ 952 ಮಿಲಿಮೀಟರ್. ಹೋಂಡಾ ಗೋಲ್ಡ್ ವಿಂಗ್ ಟೂರ್ ಈ ಎಲ್ಲದರ ಆಚೆಯದು: ಉದ್ದ 2.6 ಮೀಟರ್, ತೂಕ 390 ಕಿಲೋದ ಆಸುಪಾಸು. ಗ್ಯಾರೇಜಿಗೆ ಯಾವುದು ತಂಟೆ ಎಂಬುದು ಈ ಮೂರು ಗುಣಗಳಲ್ಲಿ ಯಾವುದು ಮುಂದಾಗಿದೆ ಎಂಬುದರ ಮೇಲಿದೆ. ಉದ್ದದ ಬೈಕು ತಿರುವಿನಲ್ಲಿ ಕಾಡುತ್ತದೆ, ಅಗಲದ್ದು ಬಾಗಿಲಲ್ಲಿ, ಎತ್ತರದ್ದು ಗಿಡ್ಡ ಸವಾರನ ಕಾಲಿಗೆ.

ಬೈಕಿನ ಅತಿ ಅಗಲವಾದ ಭಾಗ ಹ್ಯಾಂಡಲ್; ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಚಾಚಿಕೊಂಡಿರುತ್ತದೆ. ಟೈರುಗಳ ಅಗಲ ಮಾತ್ರ ಗೇಣಿನೊಳಗೆ. ಲೆಗ್ ಗಾರ್ಡ್, ಕಾಲಿಡುವ ಪೆಗ್ಗು, ಸೈಲೆನ್ಸರ್ ನಡುವೆ ಬರುತ್ತವೆ. ಗೋಡೆಯಲ್ಲಿ ಹ್ಯಾಂಡಲಿನ ಮಟ್ಟಕ್ಕೆ ಬರುವ ಮೊಳೆ, ಸ್ವಿಚ್ಚು ಬೋರ್ಡು, ಶೆಲ್ಫಿನ ಅಂಚುಗಳೇ ತೊಂದರೆ ಕೊಡುವುದು. ಚಕ್ರದ ಪಕ್ಕದಲ್ಲಿ ನೆಲಕ್ಕೆ ಇಡುವ ತಗ್ಗಿನ ಪೆಟ್ಟಿಗೆಯಿಂದ ಅಂಥ ಅಡ್ಡಿಯಿಲ್ಲ. ಪ್ರವಾಸದ ಪೆಟ್ಟಿಗೆಗಳನ್ನು ಎರಡೂ ಕಡೆ ತೂಗಿಹಾಕಿದ ಬೈಕಿನಲ್ಲಿ ಈ ನಿಯಮ ತಿರುವುಮುರುವಾಗುತ್ತದೆ: ಮುಂದಿನ ಭಾಗ ಬಾಗಿಲು ದಾಟಿತು ಎಂದು ಸಮಾಧಾನಪಡುವಷ್ಟರಲ್ಲಿ ಹಿಂದಿನ ಪೆಟ್ಟಿಗೆ ಚೌಕಟ್ಟಿಗೆ ಬಡಿಯುತ್ತದೆ. ಅವನ್ನು ಹೊರಗೇ ಕಳಚಿಡಬೇಕು.

ಬಾಗಿಲಿನ ಅಳತೆ ತೆಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಟೇಪನ್ನು ಗೋಡೆಯಿಂದ ಗೋಡೆಗೆ ಹಿಡಿಯಬಾರದು; ಶಟರ್ ಜಾರುವ ಕಬ್ಬಿಣದ ಪಟ್ಟಿಗಳ ಒಳಮೈಯಿಂದ ಒಳಮೈಗೆ ಹಿಡಿಯಬೇಕು. ಬಾಗಿಲಿಗೆ ಜಾರುವ ಕೊಲಾಪ್ಸಿಬಲ್ ಗೇಟಿದ್ದರೆ ಅದು ಮಡಚಿ ನಿಂತಾಗ ನುಂಗುವ ಜಾಗ ಇನ್ನೂ ಹೆಚ್ಚು. ಮರದ ಎರಡು ರೆಕ್ಕೆಯ ಹಳೆಯ ಬಾಗಿಲು ಹೊರಕ್ಕೆ ತೆರೆಯುವುದಾದರೆ ಒಳಗೆ ಜಾಗ ಉಳಿಯುತ್ತದೆ, ಆದರೆ ಬೈಕು ತಿರುಗಬೇಕಾದ ಓಣಿಯನ್ನೇ ಅದು ಕಿರಿದು ಮಾಡುತ್ತದೆ. ಸಣ್ಣ ಗ್ಯಾರೇಜಿಗೆ ಮೇಲಕ್ಕೆ ಸುತ್ತಿಕೊಳ್ಳುವ ಶಟರೇ ಲೇಸು.

ಮನುಷ್ಯನ ಪಾಲು ಎಷ್ಟು? ಬೈಕನ್ನು ತಳ್ಳುವವನು ಸಾಮಾನ್ಯವಾಗಿ ಅದರ ಎಡಕ್ಕೆ ನಿಲ್ಲುತ್ತಾನೆ, ಏಕೆಂದರೆ ಸೈಡ್ ಸ್ಟ್ಯಾಂಡ್ ಇರುವುದು ಆ ಕಡೆ. ಎಡಗೈ ಎಡ ಹಿಡಿಕೆಯಲ್ಲಿ, ಬಲಗೈ ಟ್ಯಾಂಕಿನ ಮೇಲಿಂದ ಚಾಚಿ ಬಲ ಹಿಡಿಕೆಯಲ್ಲಿ, ಎರಡು ಬೆರಳು ಮುಂದಿನ ಬ್ರೇಕಿನ ಮೇಲೆ. ಬೈಕು ಕೂದಲಷ್ಟು ತನ್ನ ಕಡೆಗೆ ವಾಲಿ ಸೊಂಟಕ್ಕೆ ಒರಗಿರಬೇಕು. ಆಚೆಗೆ ವಾಲಿದರೆ ಕ್ಲಾಸಿಕ್‌ನ 195 ಕಿಲೋವನ್ನು ಒಬ್ಬರ ತೋಳು ತಡೆಯಲಾರದು. ಹಿಮ್ಮುಖವಾಗಿ ತಳ್ಳುವಾಗ ಬಲಗೈಯನ್ನು ಸೀಟಿನ ಹಿಂದಿನ ಹಿಡಿಗೆ ಒಯ್ಯುವುದು ಹಲವರ ಅಭ್ಯಾಸ. ಸಮನೆಲದಲ್ಲಿ ಅಡ್ಡಿಯಿಲ್ಲ, ಇಳಿಜಾರಿನಲ್ಲಿ ಬ್ರೇಕು ಬಿಟ್ಟಂತಾಗುತ್ತದೆ. ಈ ಭಂಗಿಗೆ ಬೈಕಿನ ಎಡಕ್ಕೆ ಕನಿಷ್ಠ ಅರ್ಧ ಮೀಟರ್ ಬೇಕು. ಕ್ಲಾಸಿಕ್‌ನ 785 ಮಿಲಿಮೀಟರ್ ಸೇರಿದರೆ 1.3 ಮೀಟರ್, ಹೆಚ್ಚುಕಡಿಮೆ ನಾಲ್ಕೂಕಾಲು ಅಡಿ. ಬಾಗಿಲು ಅದಕ್ಕಿಂತ ಕಿರಿದಾಗಿದ್ದರೆ ತಳ್ಳುವುದು ಬಿಟ್ಟು ಬೈಕಿನ ಮೇಲೆಯೇ ಕುಳಿತು ಕಾಲಿನಿಂದ ನೂಕಿಕೊಂಡು ಹಿಂದೆ ಸರಿಯಬೇಕು. ಕುಳಿತವನಿಗೆ ಬೇಕಾದದ್ದು ಹ್ಯಾಂಡಲಿನ ಅಗಲಕ್ಕೆ ಮೇಲೆ ಬೆರಳಗಲದ ಸಡಿಲ, ಅಷ್ಟೆ. ಸೂಪರ್ ಮೀಟಿಯೋರ್‌ನಂಥ ತಗ್ಗು ಸೀಟಿನ ಭಾರಿ ಬೈಕು ಇಲ್ಲಿ ಹಗುರವಾದ ಹಿಮಾಲಯನ್‌ಗಿಂತ ಸಲೀಸು. ಪೂರ್ಣ ಪಾದ ನೆಲಕ್ಕೂರಿದಾಗ ಮಾತ್ರ ಕಾಲಿನಲ್ಲಿ ತಳ್ಳುವ ಬಲ ಇರುತ್ತದೆ, ಹೆಬ್ಬೆರಳ ತುದಿಯಲ್ಲಿ ಅಲ್ಲ.

ಆದರೆ ಕುಳಿತು ಒಳಗೆ ಹೋದವನು ಇಳಿಯಲೂ ಬೇಕಲ್ಲ. ಅದಕ್ಕೇ ಬೈಕನ್ನು ಗ್ಯಾರೇಜಿನ ನಡುಮಧ್ಯೆ ನಿಲ್ಲಿಸುವುದು ಜಾಗದ ದಂಡ. ಬಲಗೋಡೆಗೆ ಹ್ಯಾಂಡಲ್ ತಾಗದಷ್ಟು ಸಮೀಪಕ್ಕೆ ತಂದು, ಉಳಿದದ್ದನ್ನೆಲ್ಲ ಎಡಕ್ಕೆ ಬಿಡಬೇಕು. ಸೈಡ್ ಸ್ಟ್ಯಾಂಡಿನ ಮೇಲೆ ಬೈಕು ಎಡಕ್ಕೆ ಸುಮಾರು ಹತ್ತು ಡಿಗ್ರಿ ವಾಲಿತು ಎಂದುಕೊಳ್ಳಿ. ಒಂದು ಮೀಟರ್ ಎತ್ತರದ ಹ್ಯಾಂಡಲ್ ಸುಮಾರು 17 ಸೆಂಟಿಮೀಟರ್ ಎಡಕ್ಕೆ ಸರಿಯುತ್ತದೆ. ಬಲಗೋಡೆಯ ಕಡೆ ಅಷ್ಟು ಜಾಗ ತೆರೆದುಕೊಳ್ಳುತ್ತದೆ, ಎಡಕ್ಕೆ ಅಷ್ಟು ಮುಚ್ಚಿಕೊಳ್ಳುತ್ತದೆ. ನೇರವಾಗಿ ನಿಲ್ಲಿಸುವ ಡಬಲ್ ಸ್ಟ್ಯಾಂಡ್ ಈ ವಾಲುವಿಕೆಯನ್ನು ತಪ್ಪಿಸುತ್ತದೆ. ಆದರೆ ಸ್ಟ್ಯಾಂಡಿಗೆ ಏರಿಸುವಾಗ ಬೈಕು ಒಂದಿಷ್ಟು ಹಿಂದಕ್ಕೆ ಹೋಗುತ್ತದೆ. ಹಿಂದಿನ ಮಡ್‌ಗಾರ್ಡ್ ಗೋಡೆಗೆ ತಾಗುವಂತೆ ಇಟ್ಟು ಆಮೇಲೆ ಎತ್ತಲು ಹೊರಟರೆ ಗೋಡೆಯ ಸುಣ್ಣ ಉದುರುತ್ತದೆ.

ಎಲ್ಲಕ್ಕಿಂತ ಕಗ್ಗಂಟು ತಿರುವಿನದು. ಹಳೆಯ ಕಟ್ಟಡಗಳಲ್ಲಿ ಗ್ಯಾರೇಜು ರಸ್ತೆಗೆ ನೇರ ಮುಖ ಮಾಡಿರುವುದು ಕಡಿಮೆ. ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ದಾರಿಯಲ್ಲಿ ಹೋಗಿ, ತೊಂಬತ್ತು ಡಿಗ್ರಿ ತಿರುಗಿ ಒಳಗೆ ನುಗ್ಗಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದರೂ ಮುಂದಿನ ಚಕ್ರ ತಿರುಗುವುದು ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ನಲವತ್ತು ಡಿಗ್ರಿ ಎಂದು ಹಿಡಿದರೆ, ಎರಡು ಚಕ್ರಗಳ ನಡುವೆ 1.39 ಮೀಟರ್ ಅಂತರವಿರುವ ಕ್ಲಾಸಿಕ್‌ನ ಮುಂದಿನ ಚಕ್ರ 2.16 ಮೀಟರ್ ತ್ರಿಜ್ಯದ ವೃತ್ತದಲ್ಲಿ, ಹಿಂದಿನದು 1.66 ಮೀಟರ್ ತ್ರಿಜ್ಯದಲ್ಲಿ ಸಾಗುತ್ತದೆ. ಗೋಲ್ಡ್ ವಿಂಗ್‌ನಲ್ಲಿ ಆ ಅಂತರ 1.695 ಮೀಟರ್, ಮುಂದಿನ ಚಕ್ರದ ತ್ರಿಜ್ಯ 2.6 ಮೀಟರ್ ದಾಟುತ್ತದೆ. ಇಲ್ಲಿ ಗಮನಿಸಬೇಕಾದದ್ದು ಎರಡು ವೃತ್ತಗಳ ನಡುವಿನ ಅಂತರ. ಹಿಂದಿನ ಚಕ್ರ ಯಾವಾಗಲೂ ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ. ಮೂತಿ ಮೊದಲಾಗಿ ಒಳಗೆ ಹೋದರೆ ಹ್ಯಾಂಡಲ್ ಸಲೀಸಾಗಿ ದಾಟಿದ ಬಾಗಿಲ ಚೌಕಟ್ಟಿಗೆ ಸೈಲೆನ್ಸರ್ ಉಜ್ಜುವುದು ಇದಕ್ಕೇ.

ಹಿಮ್ಮುಖವಾಗಿ ಒಳಗೆ ಹೋಗುವುದು ಸಾಮಾನ್ಯವಾಗಿ ಸರಿಯಾದ ಕ್ರಮ. ತಿರುಗದ ಹಿಂದಿನ ಚಕ್ರ ಮೊದಲು ತನ್ನ ಸಾಲಿಗೆ ಬರುತ್ತದೆ. ಬೀಸುವ ಮುಂಭಾಗ, ಜಾಗ ಇರುವ ಓಣಿಯಲ್ಲೇ ಬೀಸುತ್ತದೆ. ಬೆಳಿಗ್ಗೆ ಹೊರಡುವಾಗ ಮುಖ ಹೊರಕ್ಕೆ ಇರುತ್ತದೆ ಎಂಬುದು ಹೆಚ್ಚುವರಿ ಲಾಭ. ಆದರೆ ಗ್ಯಾರೇಜು ದಾರಿಯ ಯಾವ ಬದಿಗಿದೆ ಎಂಬುದನ್ನು ನೋಡಬೇಕು. ಬಲಕ್ಕಿದ್ದರೆ, ಬೈಕಿನ ಎಡಕ್ಕೆ ನಿಂತವನು ತಿರುವಿನ ಹೊರಮಗ್ಗುಲಲ್ಲಿರುತ್ತಾನೆ, ಅವನಿಗೆ ಬಯಲಿದೆ. ಎಡಕ್ಕಿದ್ದರೆ ಅವನು ಬೈಕಿಗೂ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಆಗ ಕುಳಿತೇ ಹಿಂದೆ ಸರಿಯಬೇಕು, ಇಲ್ಲವೇ ಬಲಕ್ಕೆ ನಿಂತು ತಳ್ಳಬೇಕು. ಬಲಕ್ಕೆ ನಿಂತವನಿಗೆ ಸೈಡ್ ಸ್ಟ್ಯಾಂಡ್ ಎಟುಕುವುದಿಲ್ಲ, ಆದ್ದರಿಂದ ಇನ್ನೊಬ್ಬರು ಜತೆಗಿರುವುದು ಮೇಲು. ಮುಂಬಯಿಯ ವಾಚ್‌ಮನ್‌ಗಳು ಸಂಬಳದ ಪಟ್ಟಿಯಲ್ಲಿ ಇಲ್ಲದ ಎಷ್ಟೋ ಕೆಲಸ ಮಾಡುತ್ತಾರೆ, ಇದೂ ಅದರಲ್ಲೊಂದು.

ಒಂದೇ ಬೀಸಿಗೆ ತಿರುಗದಿದ್ದರೆ ಹಿಂದೆ ಮುಂದೆ ಮಾಡುತ್ತ ಅಂಗುಲ ಅಂಗುಲವಾಗಿ ತಿರುಗಿಸುವುದು ಉಳಿದ ದಾರಿ. ಪ್ರತಿ ಸಲವೂ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಬೇಕು. ಬೈಕು ಕೊಳ್ಳುವ ಮುಂಚೆ ಇದನ್ನು ಪರೀಕ್ಷಿಸಲು ಪರಿಚಯದವರ ಅದೇ ಮಾದರಿಯ ಬೈಕನ್ನು ಒಂದು ಸಂಜೆ ಕೇಳಿ ತಂದರೆ ಸಾಕು. ಶೋರೂಮಿನ ಪಟ್ಟಿ ನೋಡಿ ಮಾಡಿದ ಗುಣಾಕಾರಕ್ಕಿಂತ ಅದು ನಂಬಿಕೆಗೆ ಅರ್ಹ.

ಹಳಬರ ಒಂದು ಉಪಾಯವಿದೆ: ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ಪೂರ್ತಿ ವಾಲಿಸಿ, ಚಕ್ರಗಳು ಹಗುರಾಗುತ್ತಲೇ ಇಡೀ ಬೈಕನ್ನು ಆ ಒಂದು ಕಾಲಿನ ಮೇಲೆ ಗಿರಕ್ಕನೆ ತಿರುಗಿಸುವುದು. ಬುಲೆಟ್ ರಿಪೇರಿಯವರು ಇದನ್ನು ನೋಡನೋಡುತ್ತಲೇ ಮಾಡಿಬಿಡುತ್ತಾರೆ. ಆಗ ಇಡೀ ತೂಕ ಸ್ಟ್ಯಾಂಡು ಚಾಸಿಗೆ ಸೇರುವ ಬೆಸುಗೆಯ ಮೇಲೆ, ಅದೂ ತಿರುಚುವ ಬಲವಾಗಿ ಬೀಳುತ್ತದೆ. ಸ್ಟ್ಯಾಂಡು ಅದಕ್ಕೆಂದು ಮಾಡಿದ್ದಲ್ಲ. 240 ಕಿಲೋ ದಾಟಿದ ಬೈಕಿನಲ್ಲಿ ಇದನ್ನು ದಿನನಿತ್ಯದ ಪದ್ಧತಿ ಮಾಡಿಕೊಳ್ಳುವುದು ಅವಿವೇಕ.

ಅದೇ ಕೆಲಸವನ್ನು ಕ್ಷೇಮವಾಗಿ ಮಾಡುವುದು ಡಾಲಿ. ಗಿಡ್ಡ ಗಾಲಿಗಳ ಮೇಲೆ ಕೂರಿಸಿದ ಉಕ್ಕಿನ ಹಲಗೆ ಅದು. ಒಂದು ಬಗೆಯದು ಹಿಂದಿನ ಚಕ್ರದ ಅಡಿಗೆ ಮಾತ್ರ ಬರುತ್ತದೆ; ಇನ್ನೊಂದರ ಮೇಲೆ ಎರಡೂ ಚಕ್ರ ಮತ್ತು ಸ್ಟ್ಯಾಂಡು ಸೇರಿ ಇಡೀ ಬೈಕು ನಿಲ್ಲುತ್ತದೆ. ಹಿಂದಿನ ಚಕ್ರ ಅಡ್ಡಕ್ಕೆ ಸರಿಯಲಾರದು ಎಂಬುದೇ ತಿರುವಿನ ಮೂಲ ತೊಡಕು. ಡಾಲಿ ಅದನ್ನೇ ಬಿಡಿಸುತ್ತದೆ. ಬೈಕನ್ನು ನೇರ ಒಳಗೆ ತಂದು, ಆಮೇಲೆ ಅಡ್ಡಕ್ಕೆ ಜಾರಿಸಿ ಗೋಡೆಗೆ ಒತ್ತಬಹುದು. ಆದರೆ ಅದರ ಗಾಲಿಗಳಿಗೆ ನುಣುಪು ನೆಲ ಬೇಕು. ಒಂದು ಕಾಳು ಜಲ್ಲಿ ಸಿಕ್ಕಿದರೂ ಗಾಲಿ ಕಚ್ಚಿ ನಿಲ್ಲುತ್ತದೆ. ಕಾಂಪೌಂಡಿಗೆ ಹಾಸಿದ ಪೇವರ್ ಬ್ಲಾಕಿನ ಸಂದುಗಳ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಗ್ಯಾರೇಜುಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು, ನಮ್ಮ ಕಲಬುರಗಿ ಸೀಮೆಯಿಂದ ಬಂದು ಮುಂಬಯಿಯವರ ಬಾಯಲ್ಲಿ ಲಾದಿಯಾದದ್ದು, ಸಂದುಗಳಿಗೆ ಸಿಮೆಂಟು ತುಂಬಿ ಸಮಮಾಡಿದ್ದರೆ ಡಾಲಿಗೆ ಹೇಳಿಮಾಡಿಸಿದ ನೆಲ. ಗೋಲ್ಡ್ ವಿಂಗ್‌ನಂಥ ಬೈಕಿನಲ್ಲಿ ಮೋಟಾರಿನ ಬಲದಿಂದಲೇ ನಡಿಗೆಯ ವೇಗದಲ್ಲಿ ಹಿಂದೆ ಮುಂದೆ ಸರಿಯುವ ವ್ಯವಸ್ಥೆ ಇದೆ. ಅದು ಭಾರವನ್ನು ಗೆಲ್ಲುತ್ತದೆ, ತಿರುವಿನ ತ್ರಿಜ್ಯವನ್ನಲ್ಲ.

ಭಾರದ ಮಾತು ಬರುವುದು ಹೊಸ್ತಿಲಿನಲ್ಲಿ. ಮಳೆನೀರು ತಡೆಯಲೆಂದು ಸಾಂತಾಕ್ರೂಜ್‌ನ ಎಷ್ಟೋ ಗ್ಯಾರೇಜುಗಳ ಹೊಸ್ತಿಲು ಎತ್ತರಿಸಿರುತ್ತಾರೆ. ಅದಕ್ಕೆ ಇಳಿಜಾರು ಕಟ್ಟಬೇಕು. ಒಂದಕ್ಕೆ ಎಂಟರ ಇಳಿಜಾರಿನಲ್ಲಿ ಬೈಕಿನ ತೂಕದ ಎಂಟನೇ ಒಂದು ಪಾಲು ತಳ್ಳುವವನ ಮೇಲೆ ಬೀಳುತ್ತದೆ: ಕ್ಲಾಸಿಕ್‌ಗೆ 24 ಕಿಲೋ, ಸೂಪರ್ ಮೀಟಿಯೋರ್‌ಗೆ 30, ಗೋಲ್ಡ್ ವಿಂಗ್‌ಗೆ 48ರ ಹತ್ತಿರ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಹದಿನೈದು ಸೆಂಟಿಮೀಟರಿನ ಹೊಸ್ತಿಲಿಗೆ ಈ ಲೆಕ್ಕದ ಇಳಿಜಾರು 1.2 ಮೀಟರ್ ಉದ್ದ ಬರುತ್ತದೆ. ಅಷ್ಟನ್ನು ಕಿರಿದಾದ ದಾರಿಯಲ್ಲಿ ಚಾಚಿದರೆ ಅಕ್ಕಪಕ್ಕದವರ ಕಾರಿಗೆ ಅಡ್ಡ. ಅದಕ್ಕೇ ಎತ್ತಿಡುವ ಮರದ ಅಥವಾ ಗೀರು ತಗಡಿನ ಇಳಿಜಾರು ವಾಸಿ. ಅಗಲ ಮಾತ್ರ ಟೈರಿನಷ್ಟೇ ಇದ್ದರೆ ಸಾಲದು; ಕುಳಿತು ನೂಕಿಕೊಳ್ಳುವವನ ಎರಡು ಪಾದಕ್ಕೂ ಅದರ ಮೇಲೆ ಎಡೆಯಿರಬೇಕು, ಇಲ್ಲವಾದರೆ ನಡುದಾರಿಯಲ್ಲಿ ಕಾಲಿಗೆ ನೆಲವೇ ಸಿಗುವುದಿಲ್ಲ. ಉದ್ದದ, ತಗ್ಗು ಬೈಕಿಗೆ ಇನ್ನೊಂದು ಗಂಡಾಂತರ: ಇಳಿಜಾರು ತೀರಾ ಕಡಿದಾಗಿದ್ದರೆ ಅದು ಮುಗಿಯುವ ಏಣಿನಲ್ಲಿ ಮುಂದಿನ ಚಕ್ರ ಒಳಗೆ, ಹಿಂದಿನದು ಹೊರಗೆ ಇರುವಾಗ ಹೊಟ್ಟೆ ತಾಗಿ ಕೂರಬಹುದು. ಸೂಪರ್ ಮೀಟಿಯೋರ್‌ನ ಹೊಟ್ಟೆ ನೆಲದಿಂದ 135 ಮಿಲಿಮೀಟರ್ ಮಾತ್ರ ಮೇಲಿದೆ.

ಹೊಸ್ತಿಲು ಎತ್ತರಿಸದೇ ಇರಲಿಕ್ಕೂ ಇಲ್ಲಿ ಆಗುವುದಿಲ್ಲ. ನೀರು ನಿಲ್ಲುವ ಇಲ್ಲಿನ ಮಿಲನ್ ಸಬ್‌ವೇ ಮಳೆಗಾಲದ ಸುದ್ದಿಯಲ್ಲಿ ಕಾಯಂ ಹೆಸರು. 2005ರ ಜುಲೈ 26ರ ಮಳೆಯಲ್ಲಿ ಕೊಲಾಬಾದ ವೀಕ್ಷಣಾಲಯ ಸುಮಾರು 73 ಮಿಲಿಮೀಟರ್ ದಾಖಲಿಸಿದರೆ ಸಾಂತಾಕ್ರೂಜ್‌ನದು ಒಂದೇ ದಿನಕ್ಕೆ 944 ಮಿಲಿಮೀಟರ್ ಅಳೆಯಿತು. ಮೀಠಿ ನದಿ ಉಕ್ಕಿ ಕಲೀನಾದ ಏರ್ ಇಂಡಿಯಾ ಕಾಲೋನಿಯ ನೆಲ ಅಂತಸ್ತಿನ ಮನೆಗಳು ಮುಳುಗಿದವು. ಅಂಥ ದಿನಕ್ಕೆ ಯಾವ ಹೊಸ್ತಿಲೂ ಸಾಲದು. ಮೊಣಕಾಲುದ್ದದ ವಾರ್ಷಿಕ ನೀರಿಗೆ, ಕಾಯಂ ಹೊಸ್ತಿಲಿನ ಬದಲು ಶಟರ್ ಪಟ್ಟಿಯೊಳಗೆ ಜಾರಿಸಿ ಇಳಿಸುವ ಹಲಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕಾಗುತ್ತದೆ, ಉಳಿದ ಎಂಟು ತಿಂಗಳು ದಾರಿ ಸಮವಾಗಿರುತ್ತದೆ. ಬೈಕು ಮುಳುಗಿತು ಎಂದರೆ ಸ್ಟಾರ್ಟ್ ಮಾಡಬಾರದು. ಸೈಲೆನ್ಸರ್ ಮತ್ತು ಏರ್ ಫಿಲ್ಟರಿನ ಮೂಲಕ ನೀರು ಸಿಲಿಂಡರಿಗೆ ಇಳಿದಿರಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಬಾಗುವುದು ಎಂಜಿನ್ನಿನ ರಾಡು. ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಬರೀ ಥರ್ಡ್ ಪಾರ್ಟಿ ವಿಮೆಯಿಂದ ಈ ನಷ್ಟಕ್ಕೆ ಏನೂ ಸಿಗುವುದಿಲ್ಲ, ಸ್ವಂತ ವಾಹನದ ಹಾನಿಗೂ ವಿಮೆ ಮಾಡಿಸಿರಬೇಕು.

ಗ್ಯಾರೇಜಿನೊಳಗೆ ಸ್ಕೂಟರೂ ಇರಬೇಕು, ಬೈಕೂ ಇರಬೇಕು ಎನ್ನುವ ಮನೆಗಳೇ ಹೆಚ್ಚು. ಎರಡನ್ನೂ ಒಂದೇ ಮುಖವಾಗಿ ನಿಲ್ಲಿಸಿದರೆ ಹ್ಯಾಂಡಲಿಗೆ ಹ್ಯಾಂಡಲ್ ತಾಗಿ ಒಂದೂವರೆ ಮೀಟರ್ ಹೋಗುತ್ತದೆ. ಒಂದರ ಮುಖ ಒಳಕ್ಕೆ, ಇನ್ನೊಂದರದು ಹೊರಕ್ಕೆ ಮಾಡಿದರೆ ಒಂದರ ಹ್ಯಾಂಡಲ್ ಇನ್ನೊಂದರ ಬಾಲದ ಪಕ್ಕಕ್ಕೆ ಬರುತ್ತದೆ, ಗೇಣಿಗಿಂತ ಹೆಚ್ಚು ಉಳಿಯುತ್ತದೆ. ಆಳ ಸಾಲದ ಗೂಡಿನಲ್ಲಿ ಬೈಕನ್ನು ಓರೆಯಾಗಿಟ್ಟರೆ ಆಯಿತು ಎನ್ನುವುದು ಅರ್ಧ ನಿಜ. ಏಳಡಿಯ ಬೈಕನ್ನು ನಲವತ್ತು ಡಿಗ್ರಿ ಓರೆ ಮಾಡಿದರೆ ಒಂದಡಿಯಷ್ಟು ಆಳ ಉಳಿಯಬಹುದು, ಅದಕ್ಕೆ ತೆರುವ ಅಗಲ ಎರಡು ಪಟ್ಟಿಗಿಂತ ಹೆಚ್ಚು.

ಮುಚ್ಚಿದ ಸಣ್ಣ ಜಾಗದಲ್ಲಿ ಗಾಳಿಯಾಟ ಕೊನೆಗೆ ನೆನಪಾಗುವ ವಿಷಯ, ಆದರೆ ಅಪಾಯ ಇರುವುದು ಅಲ್ಲೇ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಛಾವಣಿಯ ಹತ್ತಿರದ ಕಿಂಡಿಯಿಂದ ಅದು ಹೊರಹೋಗುವುದಿಲ್ಲ, ತಳದಲ್ಲೇ ತೂತು ಬೇಕು. ತಳದ ತೂತಿನಿಂದ ಮಳೆಗಾಲದಲ್ಲಿ ನೀರು ಬರುತ್ತದೆ ಎಂಬುದು ಸಾಂತಾಕ್ರೂಜ್‌ನ ಪೇಚು. ಪೂರ್ತಿ ತಗಡಿನ ಶಟರ್ ಬದಲು ಜಾಲಿ ಶಟರ್ ಹಾಕಿ, ಮಳೆಯಲ್ಲಿ ಅದರ ತಳಕ್ಕೆ ಹಲಗೆ ಇಳಿಸುವುದು ಇದ್ದುದರಲ್ಲಿ ಒಳ್ಳೆಯ ರಾಜಿ. ಜುಹೂ ಸಮುದ್ರದ ಉಪ್ಪುಗಾಳಿಗೆ ಹೆದರಿ ಒದ್ದೆ ಬೈಕಿಗೆ ಪ್ಲಾಸ್ಟಿಕ್ ಹೊದಿಸಿ ಶಟರ್ ಎಳೆದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಒರೆಸಿ ಒಣಗಿಸಿದ ಮೇಲೆ, ಉಸಿರಾಡುವ ಬಟ್ಟೆ ಹೊದಿಸಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಬಿಸಿಮಾಡುವ ಅಭ್ಯಾಸ ಪ್ರಾಣಕ್ಕೇ ಕುತ್ತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಮೆಟ್ಟಿಲ ಕೆಳಗಿನ ಸಂದು ಅಳತೆಗೆ ಸರಿಹೊಂದಿದರೂ ಬೈಕಿನ ಜಾಗವಲ್ಲ. ಹಳೆಯ ಕಟ್ಟಡಗಳಲ್ಲಿ ಇಡೀ ಕಟ್ಟಡದ ವಿದ್ಯುತ್ ಮೀಟರುಗಳು ಇರುವುದು ಅಲ್ಲಿಯೇ, ಜನ ಇಳಿದು ಹೊರಬರಲು ಇರುವುದೂ ಅದೊಂದೇ ದಾರಿ. 2023ರ ಅಕ್ಟೋಬರ್ 6ರ ಬೆಳಗಿನ ಜಾವ ಗೋರೆಗಾಂವ್ ಪಶ್ಚಿಮದ ಜಯ ಭವಾನಿ ಕಟ್ಟಡದಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿ ಹೊತ್ತಿದ ಬೆಂಕಿ ಅಲ್ಲಿದ್ದ ದ್ವಿಚಕ್ರ ವಾಹನಗಳನ್ನು ಸುಟ್ಟಿತು, ಮೇಲಿನ ಮಾಳಿಗೆಗಳಿಗೆ ಹೊಗೆ ಏರಿ ಹಲವರು ಸತ್ತರು. ಮೀಟರ್ ಬಾಕ್ಸಿನ ಕೆಳಗೂ ಮೆಟ್ಟಿಲ ಬುಡದಲ್ಲೂ ಬೈಕು ನಿಲ್ಲಿಸಲು ಸೊಸಾಯಿಟಿಯ ಸಮಿತಿ ಒಪ್ಪಬಾರದು, ಎಷ್ಟೇ ಶುಲ್ಕ ಕೊಟ್ಟರೂ. ಬೇರೆ ಮೂಲೆ ಇಲ್ಲದ ಕಟ್ಟಡದಲ್ಲಿ ಆಸುಪಾಸಿನ ಹಳೆಯ ಕಟ್ಟಡದ ಖಾಲಿ ಗ್ಯಾರೇಜನ್ನು ಬಾಡಿಗೆಗೆ ಹಿಡಿಯುವುದು ಉಳಿದ ಉಪಾಯ. ಅದನ್ನು ನೋಡಲು ಹೋಗುವಾಗ ಟೇಪಿನ ಜತೆ ಬೈಕನ್ನೂ ಒಯ್ಯುವುದು ವಾಸಿ.